ಈ ಸಲ ಕಮ್ಮಿ ಬಂತಾ?

ರಕ್ತ ತಿರುಗಿಸುವ ಯಂತ್ರ ಗುಂಯ್‌ಗುಟ್ಟುವುದನ್ನು ನಿಲ್ಲಿಸಿ ಮುಚ್ಚಳ ಟಪ್ಪೆಂದು ಬಿಚ್ಚಿಕೊಂಡಾಗ ಅವನು ಮೊದಲು ಕೈ ಹಾಕಿದ್ದು ಅಮ್ಮನ ಟ್ಯೂಬಿಗೆ. ಅದಕ್ಕೆ ಹೆಸರಿನ ಚೀಟಿ ಇರಲಿಲ್ಲ. ಮುಚ್ಚಳದ ಮೇಲೆ ಪೆನ್ನಿನಲ್ಲಿ ಒಂದು ಸೊನ್ನೆ ಸುತ್ತಿದ್ದ, ಅಷ್ಟೆ. ಬೆಳಿಗ್ಗೆ ಯಂತ್ರಗಳು ಸರಿಯಾಗಿವೆಯೇ ಎಂದು ನೋಡುವ ನೆಪದಲ್ಲಿ ಅವನು ಪರೀಕ್ಷಿಸಿಕೊಳ್ಳುವ ಮನೆಯ ಟ್ಯೂಬು ಅದು. ಕಿಟಕಿಯ ಬೆಳಕಿಗೆ ಹಿಡಿದ. ಕೆಳಗೆ ಕಪ್ಪುಗೆಂಪಿನ ಗಟ್ಟಿ, ಮೇಲೆ ತಿಳಿ. ಎಂಥ ತಿಳಿ! ಅದರ ಮೂಲಕ ಆಚೆ ಗೋಡೆಯ ಗಡಿಯಾರದ ಮುಳ್ಳು ಕಾಣುತ್ತಿತ್ತು. ಪಕ್ಕದ ಟ್ಯೂಬು ಯಾವನೋ ಗುತ್ತಿಗೆದಾರನದು, ಗಂಜಿ ಬೆರೆಸಿದ ಹಾಗೆ ಬೆಳ್ಳಗೆ ಕದಡಿತ್ತು. ಆಸಾಮಿ ತಿಂದದ್ದೆಲ್ಲ ಅಲ್ಲಿ ತೇಲುತ್ತಿತ್ತು. ಥೂ, ಎಂದುಕೊಂಡ. ಇಷ್ಟು ವರ್ಷ ಇದೇ ಮೇಜಿನ ಮುಂದೆ ಸವೆಸಿದ್ದರೂ ಅಂಥ ಟ್ಯೂಬನ್ನು ಅವನು ಈಗಲೂ ಎರಡು ಬೆರಳ ತುದಿಯಲ್ಲೇ ಎತ್ತುತ್ತಿದ್ದ. ಜನರ ಮುಖ ನೋಡುವ ಮೊದಲೇ ಅವರ ಜಿಡ್ಡು ನೋಡುವ ಚಾಳಿ ಅಂಟಿಕೊಂಡಿತ್ತು. ಬಸ್ಸಿನಲ್ಲಿ ಎದುರಿಗೆ ಕೂತವರ ಕಣ್ಣಿನ ಕೆಳಗೆ ಕೊಬ್ಬು ಕಟ್ಟಿದ ಹಳದಿ ಗಂಟು ಇದೆಯೇ ಎಂದು ಹುಡುಕುತ್ತಿದ್ದ. ಲ್ಯಾಬಿನವರು ಬೆನ್ನ ಹಿಂದೆ ತನ್ನನ್ನು ಜಿಡ್ಡಪ್ಪ ಅನ್ನುತ್ತಾರೆಂಬುದು ಅವನಿಗೆ ಗೊತ್ತಿತ್ತು. ಅನ್ನಲಿ. ಜಿಡ್ಡಿಗೆ ಹೆದರಿದವನು ಉಳಿಯುತ್ತಾನೆ, ಹೆದರದವನು ಅಪ್ಪನ ಹಾಗೆ ಮನೆಯ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಗಿಯುತ್ತ ಬಿಗಿಯುತ್ತಲೇ ಹೊರಟುಹೋಗುತ್ತಾನೆ.

ಅಪ್ಪ ಬಸ್ಸು ಓಡಿಸುತ್ತಿದ್ದ. ದೊಡ್ಡ ದೇಹ, ದೊಡ್ಡ ನಗು. ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮೊದಲು ಸುಟ್ಟ ಬ್ರೆಡ್ಡಿನ ಮೇಲೆ ಬೆಣ್ಣೆ ಬೇಕು, ಅದೂ ಕೆಳಗಿನ ಬ್ರೆಡ್ಡು ಕಾಣದಷ್ಟು ಬೇಕು. ‘ಗಾಡಿಗೆ ಕೀಲೆಣ್ಣೆ ಬೇಡ್ವೇನೇ? ಹಾಕು ಇನ್ನೊಂಚೂರು’ ಎನ್ನುತ್ತಿದ್ದ. ಅಮ್ಮ ನಗುತ್ತ ಹಾಕುತ್ತಿದ್ದಳು. ಚಾಕುವಿನ ಅಲಗಿಗೆ ಅಂಟಿದ್ದನ್ನು ಹೆಬ್ಬೆರಳಿನಿಂದ ಬಳಿದು ತನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆವತ್ತೂ ಹಾಕಿದಳು. ಬಾಗಿಲಲ್ಲಿ ಶಾಲೆಯ ಚೀಲ ಹೆಗಲಿಗೇರಿಸಿ ನಿಂತು ಅವನು ಅದನ್ನು ನೋಡಿದ್ದ, ಆ ಹೆಬ್ಬೆರಳನ್ನು, ಆ ನಗುವನ್ನು. ಅಪ್ಪನನ್ನು ನಾಲ್ಕು ಜನ ಒಳಗೆ ಹೊತ್ತು ತಂದಾಗ ಮೇಜಿನ ಮೇಲೆ ಅರ್ಧ ಕಚ್ಚಿದ ಬ್ರೆಡ್ಡಿತ್ತು, ಬೆಣ್ಣೆ ಕರಗಿ ತಟ್ಟೆಯ ಅಂಚಿಗೆ ಬಂದಿತ್ತು. ಅಮ್ಮನೇ ಕೊಂದಳೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವನೂ ಯಾವತ್ತೂ ಬಾಯಿಬಿಟ್ಟು ಅಂದವನಲ್ಲ. ಆದರೆ ಮುಂದೆ ಈ ಕೆಲಸ ಕಲಿತು, ರಕ್ತದ ತಿಳಿಯಲ್ಲಿ ಕೊಬ್ಬು ಎಷ್ಟಿದೆ ಎಂದು ಅಳೆಯುವುದು ಗೊತ್ತಾದ ದಿನ, ಎದೆಯೊಳಗೆ ಆ ಮಾತು ತೀರ್ಪಿನ ಹಾಗೆ ತಯಾರಾಗಿಯೇ ಕೂತಿತ್ತು. ಅದನ್ನು ಅವನು ಪ್ರೀತಿ ಎಂದು ಕರೆದುಕೊಂಡ. ಅಮ್ಮ ನೂರು ವರ್ಷ ಬಾಳಬೇಕು ಎಂದ. ಅಡುಗೆಮನೆಯಿಂದ ಬೆಣ್ಣೆ ಹೋಯಿತು, ಹಾಲಿನ ಕೆನೆ ಹೋಯಿತು, ಮೊಟ್ಟೆಯ ಹಳದಿ ಹೋಯಿತು. ಬೆಂದ ತರಕಾರಿ, ನೀರು ನೀರು ಸಾರು, ಕೆನೆ ತೆಗೆದ ಹಾಲು ಉಳಿದವು. ಅಮ್ಮ ಒಂದು ಸಲ ಗೊಣಗಿದ್ದಳು: ‘ಕೀಲೆಣ್ಣೆ ಇಲ್ದೆ ಗಾಲಿ ಕಿರ್ ಅನ್ನುತ್ತೆ ಕಣೋ.’ ಅಪ್ಪನ ಮಾತು ಅವಳ ಬಾಯಲ್ಲಿ ಬಂದದ್ದೇ ತಡ, ಅವನಿಗೆ ಸಿಟ್ಟು ನೆತ್ತಿಗೇರಿತು. ‘ಆ ಕೀಲೆಣ್ಣೆ ಹಾಕಿ ಹಾಕಿ ಏನಾಯ್ತು ಅಂತ ನೋಡಿದೀಯಲ್ಲ’ ಎಂದುಬಿಟ್ಟ. ಅಮ್ಮ ಮತ್ತೆ ಆ ಮಾತೆತ್ತಲಿಲ್ಲ.

ಯಂತ್ರದ ಪರದೆಯ ಮೇಲೆ ಅಂಕೆ ಮೂಡಿತು. ಹೋದ ಸಲಕ್ಕಿಂತ ಇನ್ನೂ ಕೆಳಗೆ. ಅದಕ್ಕೆ ಹಿಂದಿನದಕ್ಕಿಂತ ಹೋದ ಸಲದ್ದೇ ಕೆಳಗಿತ್ತು. ಅವನಿಗೆ ಒಳಗೊಳಗೇ ಹಿಗ್ಗಾಯಿತು. ಎಂಬತ್ತು ದಾಟಿದ ಹೆಂಗಸು, ಒಂದು ಮಾತ್ರೆಯಿಲ್ಲ, ಬರೀ ಪಥ್ಯ! ಆ ಹಿಗ್ಗನ್ನು ಒಬ್ಬನೇ ಇಟ್ಟುಕೊಳ್ಳಲಾಗದೆ ಚಹಾ ಕುಡಿಯುವ ಕೋಣೆಗೆ ಹೋದ. ಅಲ್ಲಿ ಕೌಂಟರಿನವಳು ಬಿಸ್ಕತ್ತು ಅದ್ದಿ ತಿನ್ನುತ್ತಿದ್ದಳು, ಎಕ್ಸ್‌ರೇಯವನು ಪೇಪರಿನಲ್ಲಿ ಮುಖ ಹುದುಗಿಸಿದ್ದ. ಲ್ಯಾಬಿನ ಮೇಲುಸ್ತುವಾರಿ ನೋಡುವ ಡಾಕ್ಟರಮ್ಮ, ಅವನಿಗಿಂತ ಎಷ್ಟೋ ಚಿಕ್ಕವರು, ಸಂಜೆ ಹಿರಿಯ ನಾಗರಿಕರ ಸಂಘದಲ್ಲಿ ತಾವು ಕೊಡಬೇಕಾದ ಭಾಷಣದ ಚಿಂತೆಯಲ್ಲಿದ್ದರು. ರಕ್ತದ ಕೊಬ್ಬು ಮತ್ತು ಆರೋಗ್ಯವಂತ ಮುಪ್ಪು ಎಂದು ವಿಷಯ. ‘ಮೇಡಂ, ನಿಮ್ಮ ಭಾಷಣಕ್ಕೆ ಬೇಕಾದ್ರೆ ನಮ್ಮಮ್ಮನ್ನೇ ಕರ್ಕೊಂಡು ಹೋಗಿ ನಿಲ್ಸಿ’ ಎಂದ ಅವನು, ಅಂಕೆ ಹೇಳಿದ. ‘ಈ ಕೋಣೆಯಲ್ಲಿರೋರಿಗೆ ಯಾರಿಗಾದ್ರೂ ಇಷ್ಟು ಕಮ್ಮಿ ಇದೆಯಾ? ಇದ್ರೆ ಹೇಳಿ, ಇವತ್ತಿನ ಚಹಾ ನಂದು.’ ಕೌಂಟರಿನವಳು ಬಿಸ್ಕತ್ತನ್ನು ಚಹಾದಲ್ಲೇ ಬಿಟ್ಟಳು. ‘ಅಯ್ಯೋ, ನಂದು ಹೇಳಿದ್ರೆ ನೀವು ಓಡ್ಹೋಗ್ತೀರಾ’ ಎಂದಳು. ಎಲ್ಲರೂ ನಕ್ಕರು, ಡಾಕ್ಟರಮ್ಮನ ಹೊರತು.

‘ಮಾತ್ರೆ ತಗೋತಿಲ್ವಾ ಅವರು?’ ಎಂದು ಕೇಳಿದರು.

‘ಒಂದೂ ಇಲ್ಲ ಮೇಡಂ. ಎಲ್ಲಾ ನನ್ನ ಪಥ್ಯ.’

‘ಮೊದ್ಲು ಎಷ್ಟಿತ್ತು?’

ಅವನು ಹೇಳಿದ. ಇಳಿದುಕೊಂಡು ಬಂದದ್ದನ್ನು ಒಂದೊಂದೇ ಮೆಟ್ಟಿಲಾಗಿ, ಮಗನ ಅಂಕಪಟ್ಟಿ ಓದುವವನ ಹಾಗೆ ಹೇಳಿದ.

‘ತೂಕ?’

‘ತೂಕ...’ ಅವನು ತಡವರಿಸಿದ. ‘ಮೊದಲಿಂದ್ಲೂ ಸಣ್ಣಗೇ ಇದಾರೆ.’

‘ಊಟ ಸರಿಯಾಗಿ ಮಾಡ್ತಾರಾ? ಓಡಾಡ್ತಾರಾ? ಆಲ್ಬುಮಿನ್ ನೋಡಿದೀರಾ?’

ಆಲ್ಬುಮಿನ್. ಮೈಯಲ್ಲಿ ಅನ್ನದ ಸಾರ ಉಳಿದಿದೆಯೇ ಎಂದು ಸುಳಿವು ಕೊಡುವ ಪರೀಕ್ಷೆ. ಅದೇ ಟ್ಯೂಬು, ಅದೇ ಯಂತ್ರ, ಒಂದು ಗುಂಡಿ ಒತ್ತಿದರೆ ಬರುವಂಥದ್ದು. ಇಷ್ಟು ವರ್ಷದಲ್ಲಿ ಒಂದು ಸಲವೂ ಅವನು ಆ ಗುಂಡಿ ಒತ್ತಿರಲಿಲ್ಲ. ಅವನಿಗೆ ಬೇಕಾದದ್ದು ಕೊಬ್ಬು ಮಾತ್ರ. ಡಾಕ್ಟರಮ್ಮ ಲೋಟ ಕೆಳಗಿಟ್ಟು, ಮೆತ್ತಗೆ, ಅವನಿಗಲ್ಲ ಎಂಬಂತೆ ಮೇಜಿನ ಕಡೆ ನೋಡುತ್ತ ಹೇಳಿದರು: ‘ನಲವತ್ತರಲ್ಲಿ ಇಳಿದ್ರೆ ಸಂತೋಷ ಪಡಬೇಕು ನಿಜ. ಈ ವಯಸ್ಸಲ್ಲಿ ತಾನಾಗಿ ತಾನೇ ಇಳೀತಾ ಹೋದ್ರೆ ಅದು ಬಹುಮಾನ ಅಲ್ಲ. ಎಷ್ಟೋ ಸಲ ದೇಹ ಸೊರಗ್ತಿದೆ ಅಂತ ಅರ್ಥ. ಒಳಗೆ ಬೇರೆ ಕಾಯಿಲೆ ಇರ್ಬಹುದು, ಇಲ್ಲ ತಿನ್ನೋದೇ ಸಾಲ್ದೇ ಇರ್ಬಹುದು. ಮನೆಯವರಿಗೆ ಇದು ಗೊತ್ತಾಗಲ್ಲ ನೋಡಿ. ಒಳ್ಳೇದಾಯ್ತು ಅಂತ ಇನ್ನೂ ಬಿಗಿ ಮಾಡ್ತಾರೆ.’ ಮನೆಯವರು ಅಂದರೆ ಲೋಕದ ಮನೆಯವರು, ಅವರೇನೂ ಬೆರಳು ತೋರಿಸಿರಲಿಲ್ಲ; ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ, ಹಾಗೆ ಅವನ ಕೈ ತಾನಾಗಿ ಅಂಗಿಯ ಕಾಲರಿಗೆ ಹೋಯಿತು. ಎಕ್ಸ್‌ರೇಯವನು ಪೇಪರಿನ ಪುಟ ಮಗುಚುವುದನ್ನೇ ನಿಲ್ಲಿಸಿದ್ದ. ಕೌಂಟರಿನವಳು ಕರಗಿದ ಬಿಸ್ಕತ್ತನ್ನು ಚಮಚದಲ್ಲಿ ಎತ್ತುತ್ತ ತಲೆ ತಗ್ಗಿಸಿದ್ದಳು. ‘ಕರ್ಕೊಂಡು ಬನ್ನಿ ಒಂದಿನ, ನೋಡೋಣ’ ಎಂದರು ಡಾಕ್ಟರಮ್ಮ. ‘ಅಲ್ಲೀತನಕ ಏನ್ ಕೇಳ್ತಾರೋ ಕೊಡಿ. ತಿನ್ನಲಿ.’ ‘ಆಯ್ತು ಮೇಡಂ, ಅದಕ್ಕೇನಂತೆ’ ಎಂದು ಅವನು ನಕ್ಕ. ಯಾಕೆ ನಕ್ಕೆನೋ ಎಂದು ಓಣಿಯುದ್ದಕ್ಕೂ ತನ್ನನ್ನೇ ಬೈದುಕೊಂಡ.

ಉಳಿದ ತಿಳಿಯನ್ನು ಯಂತ್ರಕ್ಕೆ ಕೊಟ್ಟು ಆ ಗುಂಡಿ ಒತ್ತಿದ. ಬಂದ ಅಂಕೆ ಕೆಂಪಕ್ಷರದಲ್ಲಿತ್ತು, ಇರಬೇಕಾದ್ದಕ್ಕಿಂತ ತೀರ ಕೆಳಗೆ. ಯಂತ್ರ ತಪ್ಪಿರಬಹುದೆಂದು ಇನ್ನೊಮ್ಮೆ ಒತ್ತಿದ, ಅಂಕೆ ಕದಲಲಿಲ್ಲ. ಇಷ್ಟು ತಿಳಿ ಯಾಕಿತ್ತು ಎಂಬುದು ಈಗ ಹೊಳೆಯಿತು. ಇಡೀ ಊರಿನ ರಕ್ತ ಓದುವ ತಾನು ತನ್ನ ಮನೆಯ ರಕ್ತವನ್ನು ತಲೆಕೆಳಗಾಗಿ ಓದಿದ್ದೆ. ಯಾವುದನ್ನು ಗೆಲುವು ಎಂದು ಊರೆಲ್ಲ ಸಾರಿದ್ದೆನೋ ಅದು ಅಮ್ಮ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹೋಗುತ್ತಿದ್ದ ಸದ್ದು. ಸ್ಟೂಲಿನ ಮೇಲೆ ಕೂತ. ಮುಖ ಬಿಸಿಯಾಗಿತ್ತು. ಹೋದ ತಿಂಗಳ ಆ ಸಂಜೆ ಬೇಡ ಬೇಡವೆಂದರೂ ಕಣ್ಣ ಮುಂದೆ ಬಂದು ನಿಂತಿತು. ಹೆಂಡತಿಯ ತಂಗಿ, ಅವಳ ಗಂಡ, ಮಕ್ಕಳು ಬಂದಿದ್ದರು. ಅವರಿಗೆಂದು ತರಿಸಿದ್ದ ಗಟ್ಟಿ ಹಾಲು ಕಾಯಿಸಿ ಇಟ್ಟಿತ್ತು. ನೀರು ಕುಡಿಯಲೆಂದು ಅಡುಗೆಮನೆಗೆ ಹೋದರೆ ಅಮ್ಮ ಒಲೆಯ ಕಡೆ ಬಾಗಿ ನಿಂತಿದ್ದಳು, ಬೆರಳು ಪಾತ್ರೆಯೊಳಗಿತ್ತು. ಅವನನ್ನು ಕಂಡು ಬೆರಳು ಸೆರಗಿಗೆ ಒರೆಸಿಕೊಂಡಳು. ಮೇಲ್ದುಟಿಯ ಮೇಲೆ ಕೆನೆ ಹಾಗೇ ಇತ್ತು. ‘ಏನಮ್ಮಾ ಇದು?’ ‘ಬೆಕ್ಕು ಕುಡಿದಿರಬೇಕು ಕಣೋ’ ಎಂದಳು. ಮನೆಯಲ್ಲಿ ಬೆಕ್ಕೇ ಇಲ್ಲ. ಅವನು ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಅವಳ ತೋಳು ಹಿಡಿದು ಹಜಾರಕ್ಕೆ ಕರೆತಂದು, ದೀಪದ ಕೆಳಗೆ ಎಲ್ಲರೆದುರು ನಿಲ್ಲಿಸಿ, ‘ನೋಡಿ, ನಮ್ಮನೆ ಬೆಕ್ಕು ಸಿಕ್ತು’ ಎಂದ. ‘ಬಾಯಿ ತೆಗಿ ಅಮ್ಮ, ತೆಗಿ’ ಎಂದು ಕರವಸ್ತ್ರ ತೆಗೆದು ತುಟಿ ಒರೆಸಿದ. ಮಕ್ಕಳು ಕಿಸಕ್ಕೆಂದರು. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. ಅಮ್ಮನೂ ನಕ್ಕಳು, ಹಲ್ಲಿಲ್ಲದ ಬಾಯಿ ತೆರೆದು, ಹೇಳಿದ ಮಾತು ಕೇಳುವ ಮಗುವಿನ ಹಾಗೆ, ಒರೆಸಿ ಮುಗಿಯುವವರೆಗೂ ತೆರೆದೇ ನಿಂತಿದ್ದಳು. ಹೆಂಡತಿಯೊಬ್ಬಳೇ ಎದ್ದು ಒಳಗೆ ಹೋದಳು. ಒರೆಸಿದ ಕರವಸ್ತ್ರವನ್ನು ಅವನು ಮಡಿಸಿ ಜೇಬಿಗಿಟ್ಟುಕೊಂಡಿದ್ದ, ಕಳ್ಳನಿಂದ ವಶಪಡಿಸಿಕೊಂಡ ಮಾಲಿನ ಹಾಗೆ.

ಸಂಜೆ ಬಸ್ಸಿಳಿದು ಹಾಲಿನಂಗಡಿಯ ಮುಂದೆ ನಿಂತ. ಅಂಗಡಿಯಾಕೆ ಅಭ್ಯಾಸಬಲದಿಂದ ಕೆನೆ ತೆಗೆದ ಹಾಲಿನ ಪೊಟ್ಟಣಕ್ಕೆ ಕೈ ಹಾಕಿದಳು. ‘ಅದಲ್ಲ. ಗಟ್ಟಿ ಹಾಲು ಕೊಡಿ. ಕೆನೆ ಇದ್ರೆ ಕೆನೆ ಕೊಡಿ. ಬೆಣ್ಣೆನೂ ಕೊಡಿ’ ಎಂದ, ಯಾರಾದರೂ ಕೇಳಿಸಿಕೊಂಡಾರು ಎಂದು ದನಿ ತಗ್ಗಿಸಿ. ಅವಳು ಕಣ್ಣರಳಿಸಿದಳು. ‘ಏನ್ ಸಾರ್, ಇವತ್ತು ಸೂರ್ಯ ಯಾವ್ ಕಡೆ ಹುಟ್ಟಿದ? ನೀವು ಬೆಣ್ಣೆ ಕೇಳೋದಾ!’ ‘ಅಮ್ಮನಿಗೆ’ ಎಂದ. ಅವಳ ಮುಖದ ತಮಾಷೆ ಇಳಿಯಿತು. ‘ಅಮ್ಮ ಹೇಗಿದಾರೆ? ಈಚೆಗೆ ಬರೋದೇ ಇಲ್ಲ. ಚಳಿಗೆ ಮುಂಚೆ ದಿನಾ ಬರೋರು, ಗೋಡೆ ಹಿಡ್ಕೊಂಡು ಹಿಡ್ಕೊಂಡು. ಏನೂ ಕೇಳ್ತಿರ್ಲಿಲ್ಲ ಪಾಪ, ಸುಮ್ನೆ ನಿಂತ್ಕೊಳ್ಳೋರು. ನಾನೇ ಅವರ ಬೆರಳ ತುದಿಗೆ ಒಂಚೂರು ಬೆಣ್ಣೆ ಹಚ್ಚಿ ಕೊಡ್ತಿದ್ದೆ. “ನನ್ನ ಮಗನಿಗೆ ಹೇಳ್ಬೇಡ ಕಣೇ, ಅವನಿಗೆ ನನ್ನ ಮೇಲೆ ಜೀವ, ನೊಂದ್ಕೋತಾನೆ” ಅನ್ನೋರು. ಬೈಬೇಡಿ ಸಾರ್, ವಯಸ್ಸಾದೋರು.’ ಬೈಯುವುದಿಲ್ಲ ಎಂದು ಅವನು ತಲೆಯಾಡಿಸಿದ. ಬೀದಿಯಲ್ಲಿ ಜನ ಎಂದಿನಂತೆ ಹೋಗುತ್ತಿದ್ದರು. ತನ್ನ ತಾಯಿ ಈ ಕಟ್ಟೆಯ ಮುಂದೆ ಕೈಚಾಚಿ ನಿಂತು ಬೆರಳು ಚೀಪಿದ್ದಾಳೆ, ತಾನು ಇದೇ ದಾರಿಯಲ್ಲಿ ದಿನಾ ಎದೆಯುಬ್ಬಿಸಿ ನಡೆದಿದ್ದೇನೆ. ಕೈಯಲ್ಲಿನ ಚೀಲ ಹಿಡಿಯಲೂ ನಾಚಿಕೆಯಾಗಿ ಕೋಟಿನೊಳಗೆ ಸೇರಿಸಿಕೊಂಡ.

ಹೆಂಡತಿ ಅಡುಗೆಮನೆಯಲ್ಲಿದ್ದಳು. ಅವನು ಪೊಟ್ಟಣಗಳನ್ನು ಕಟ್ಟೆಯ ಮೇಲಿಟ್ಟಾಗ ಅವುಗಳನ್ನು ನೋಡಿದಳು, ಅವನನ್ನು ನೋಡಿದಳು. ‘ಈಗ್ಲಾದ್ರೂ ಬುದ್ಧಿ ಬಂತಲ್ಲ’ ಎಂದಳು. ‘ಅತ್ತೆ ಸ್ವೆಟರ್ ತೋಳು ಈ ವರ್ಷ ಎಷ್ಟು ಸಲ ಹಿಡಿದು ಹೊಲಿದಿದೀನಿ ಗೊತ್ತಾ? ನಿಮಗೆ ಹೇಳಕ್ಕೆ ಬಂದಾಗೆಲ್ಲ ರಿಪೋರ್ಟ್ ನೋಡು ರಿಪೋರ್ಟ್ ನೋಡು ಅಂತ ಬಾಯಿ ಮುಚ್ಸಿದ್ರಿ. ಮನುಷ್ಯರನ್ನ ನೋಡ್ರೀ ಅಂದ್ರೆ ನಿಮಗೆಲ್ಲಿ ಪುರುಸೊತ್ತು!’ ಅವಳೇ ಹಾಲು ಬೆಚ್ಚಗೆ ಮಾಡಿ ಬಟ್ಟಲಿಗೆ ಸುರಿದು, ಮೇಲೆ ಕೆನೆ ಹಾಕಿ, ಚಮಚದೊಂದಿಗೆ ಅವನ ಕೈಗಿಟ್ಟಳು. ‘ಹೋಗಿ. ನೀವೇ ಕೊಡಿ.’

ಅಮ್ಮನ ಕೋಣೆಯ ಬಾಗಿಲು ಅರೆ ತೆರೆದಿತ್ತು. ಇನ್ನೂ ಬೆಳಕಿತ್ತು. ಅವಳು ಮಂಚದ ಮೇಲೆ ಗೋಡೆಗೊರಗಿ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವನು ಬಾಗಿಲಲ್ಲೇ ನಿಂತು ನೋಡಿದ. ಬೆಳಿಗ್ಗೆ ಇದೇ ಮಂಚದ ಅಂಚಿನಲ್ಲಿ ಕೂತು ರಬ್ಬರ್ ಪಟ್ಟಿ ಕಟ್ಟಿ, ನರ ಸಿಗದೆ ಸಿಡುಕಿ, ‘ಕೈ ಬಿಗಿ ಹಿಡಿ ಅಮ್ಮ, ಇನ್ನೂ ಬಿಗಿ’ ಎಂದಿದ್ದ. ಆಗ ನರವನ್ನಷ್ಟೇ ನೋಡಿದ್ದ. ಕುತ್ತಿಗೆಯ ಬುಡದ ಗುಳಿಗಳು, ಸ್ವೆಟರಿನೊಳಗೆ ಇದ್ದೂ ಇಲ್ಲದಂತಿದ್ದ ಹೆಗಲು, ಕೆನ್ನೆಯ ಮೂಳೆ ಇವೆಲ್ಲ ಬೆಳಿಗ್ಗೆಯೂ ಇದ್ದವು ತಾನೆ? ಪರೀಕ್ಷೆಯ ದಿನ ಸಂಜೆ ಅವಳು ಅವನ ದಾರಿ ಕಾಯುತ್ತಿದ್ದಳು, ಹೊಸ್ತಿಲಲ್ಲೇ ಕೇಳುತ್ತಿದ್ದಳು. ಕಮ್ಮಿ ಬಂದಿದ್ದರೆ ಅವನು ಅವಳ ಪಕ್ಕ ಕೂತು, ಕೈ ಹಿಡಿದು, ‘ಭೇಷ್ ಅಮ್ಮ! ಹುಡುಗೀರಿಗೂ ಇಷ್ಟು ಕಮ್ಮಿ ಬರಲ್ಲ’ ಎನ್ನುತ್ತಿದ್ದ. ಅವಳ ಮುಖ ತರಗತಿಗೆ ಮೊದಲು ಬಂದವಳ ಹಾಗೆ ಕೆಂಪಾಗುತ್ತಿತ್ತು. ಬೇರೆ ದಿನಗಳಲ್ಲಿ ಅವನು ಆ ಮಂಚದ ಮೇಲೆ ಕೂತದ್ದು, ಆ ಕೈ ಹಿಡಿದದ್ದು ಯಾವಾಗ? ನೆನಪು ಮಾಡಿಕೊಳ್ಳಲು ನೋಡಿದ. ಏನೂ ಸಿಗಲಿಲ್ಲ.

‘ಬಂದ್ಯೇನೋ?’ ಅಮ್ಮ ತಿರುಗಿದಳು. ‘ಈ ಸಲ ಕಮ್ಮಿ ಬಂತಾ?’

ಅವನು ಬಟ್ಟಲು ಹಿಡಿದು ಹತ್ತಿರ ಬಂದು ಮಂಚದ ಅಂಚಿನಲ್ಲಿ ಕೂತ. ತಪ್ಪಾಯ್ತು ಅಮ್ಮ ಎಂಬ ಎರಡು ಮಾತು ದಾರಿಯುದ್ದಕ್ಕೂ ಬಾಯಲ್ಲಿ ಸಿದ್ಧ ಮಾಡಿಕೊಂಡು ಬಂದಿದ್ದ. ಈಗ ‘ಅಮ್ಮಾ’ ಎಂದಷ್ಟೇ ಹೊರಟಿತು.

ಅಷ್ಟಕ್ಕೇ ನಿಂತ ಆ ಮಾತನ್ನು ಅವಳು ತನ್ನದೇ ರೀತಿಯಲ್ಲಿ ತಿಳಿದುಕೊಂಡಳು. ಮುಖ ಸಪ್ಪಗಾಯಿತು. ‘ಜಾಸ್ತಿ ಬಂತಾ?’ ಎಂದಳು, ಹೆದರಿದ ದನಿಯಲ್ಲಿ. ಆಮೇಲೆ ಎಡಗೈಯಿಂದ ಬಲಗೈಯ ಸ್ವೆಟರಿನ ತೋಳನ್ನು ಮಡಿಸುತ್ತ ಮಡಿಸುತ್ತ ಮೊಣಕೈ ಮೇಲಕ್ಕೆ ಏರಿಸಿ, ಅವನು ಕಲಿಸಿದ ಹಾಗೇ ಮುಷ್ಟಿ ಬಿಗಿದು, ತೋಳನ್ನು ಅವನ ತೊಡೆಯ ಮೇಲೆ ಚಾಚಿದಳು. ಬೆಳಿಗ್ಗೆ ಚುಚ್ಚಿದ ಜಾಗ ನೀಲಿಗಟ್ಟಿತ್ತು. ‘ಇನ್ನೊಂದ್ಸಲ ತಗೋ. ಬೆಳಿಗ್ಗೆಯಿಂದ ಏನೂ ಮುಟ್ಟಿಲ್ಲ ಕಣೋ, ನಿನ್ನಾಣೆ. ಹೊಟ್ಟೆ ಖಾಲಿನೇ ಇದೆ. ಸರಿಯಾಗಿ ಬರುತ್ತೆ ನೋಡು.’

‘ಬೆಳಿಗ್ಗೆಯಿಂದ ತಿಂದಿಲ್ವಾ? ಯಾಕಮ್ಮಾ? ರಕ್ತ ತಗೊಂಡ್ಮೇಲೆ ತಿನ್ಬಹುದು ಅಂತ ಹೇಳಿದ್ನಲ್ಲ.’

‘ಸರಿ ಬರ್ದೇ ಇದ್ರೆ ಮತ್ತೆ ಕೇಳ್ತೀಯೇನೋ ಅಂತ.’ ಗುಟ್ಟು ಹೇಳುವವಳಂತೆ ಅವಳು ಸ್ವಲ್ಪ ಬಾಗಿದಳು. ‘ನಾನೂ ಏನ್ ಸುಮ್ನಿಲ್ಲ ಕಣೋ. ನಿನ್ನ ಪರೀಕ್ಷೆ ಹತ್ರ ಬಂತು ಅಂದ್ರೆ ಮೊದ್ಲಿಂದ್ಲೇ ತಿನ್ನೋದು ಕಮ್ಮಿ ಮಾಡ್ಕೊಂಡು ಬರ್ತೀನಿ. ಸೊಸೆ ಪಾಪ ತಟ್ಟೆ ತುಂಬಾ ಇಟ್ಟು ಹೋಗ್ತಾಳೆ. ನಾನು ಕಿಟಕಿಯಿಂದ ಹಕ್ಕಿಗಳಿಗೆ ಹಾಕ್ತೀನಿ. ಅವಳಿಗೆ ಹೇಳ್ಬೇಡ. ಕಮ್ಮಿ ಬಂದ್ರೆ ನಿನಗೆ ಎಷ್ಟು ಖುಷಿ ಆಗುತ್ತೆ ಅಂತ ನಂಗೊತ್ತಿಲ್ವಾ?’

ಕಿಟಕಿಯ ಕಟ್ಟೆಯ ಮೇಲೆ ಒಣಗಿದ ಬ್ರೆಡ್ಡಿನ ಪುಡಿ ಬಿದ್ದಿತ್ತು. ಅವನು ಅದನ್ನು ನೋಡಿದ, ತೊಡೆಯ ಮೇಲಿನ ತೋಳನ್ನು ನೋಡಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಮಚದ ತುದಿಗೆ ಕೆನೆ ತೆಗೆದುಕೊಂಡು ಅವಳ ಬಾಯ ಹತ್ತಿರ ಹಿಡಿದ. ‘ತಿನ್ನಮ್ಮ. ಪರೀಕ್ಷೆ ಇಲ್ಲ. ಇನ್ನು ಯಾವತ್ತೂ ಇಲ್ಲ. ತಿನ್ನು.’ ಅವಳು ಕೆನೆಯನ್ನು ನೋಡಿ ಹಿಂದೆ ಸರಿದಳು. ತಮಾಷೆಯೋ, ಮತ್ತೆ ಹಜಾರಕ್ಕೆ ಕರೆದೊಯ್ಯುವ ಹೂಟವೋ ಎಂದು ಅವನ ಹಿಂದೆ ಬಾಗಿಲ ಕಡೆ ಕಣ್ಣು ಹಾಯಿಸಿದಳು. ಯಾರೂ ಇರಲಿಲ್ಲ. ಮೆಲ್ಲಗೆ ಬಾಯಿ ತೆರೆದಳು. ಬಹಳ ಹೊತ್ತು ನಾಲಿಗೆಯ ಮೇಲೆ ಇಟ್ಟುಕೊಂಡಳು, ಕಣ್ಣು ಮುಚ್ಚಿದಳು. ನುಂಗುವುದಕ್ಕೆ ಕಷ್ಟಪಟ್ಟದ್ದು ಕುತ್ತಿಗೆಯಲ್ಲಿ ಕಾಣಿಸಿತು. ಎರಡನೆಯ ಚಮಚಕ್ಕೆ ತಲೆ ಅಲ್ಲಾಡಿಸಿದಳು. ‘ಸಾಕು ಕಣಪ್ಪ. ಚೆನ್ನಾಗಿದೆ. ಆದ್ರೆ ಈಗ ಇಳಿಯಲ್ಲ.’

‘ಇನ್ನೊಂದೇ ಒಂದು.’

‘ಆಸೆ ಇದ್ದಾಗ ಇರ್ಲಿಲ್ಲ, ಈಗ ಆಸೆನೇ ಹೋಗಿದೆ, ಬಿಡು. ನಾಳೆ ನೋಡೋಣ.’ ಅದರಲ್ಲಿ ದೂರಿರಲಿಲ್ಲ, ಹೊರಗೆ ಬಿಸಿಲಿದೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು. ಅವನ ಮುಖ ಕಂಡು ಅವಳಿಗೇನನ್ನಿಸಿತೋ, ‘ನೀನು ತಿನ್ನು’ ಎಂದಳು. ‘ಚಿಕ್ಕವನಿದ್ದಾಗ ನಿಂಗೆಷ್ಟು ಇಷ್ಟ! ಅಪ್ಪ ಹೋದ್ಮೇಲೆ ಮುಟ್ಲೇ ಇಲ್ಲ ನೀನು. ಹಾಳು ಮಾಡ್ಬಾರ್ದು, ತಿನ್ನು.’

ಅವನು ತಿಂದ. ಆ ರುಚಿಯಲ್ಲಿ ಬಾಗಿಲು, ಶಾಲೆಯ ಚೀಲ, ನಗುತ್ತ ಚಾಕು ಬಳಿಯುತ್ತಿದ್ದ ಹೆಬ್ಬೆರಳು, ಎಲ್ಲ ಇತ್ತು. ಅಪ್ಪನಿಗೆ ಅವಳು ಬೆಣ್ಣೆ ಹಾಕಿದ್ದು ಅಪ್ಪ ಕೇಳಿದ್ದಕ್ಕೆ. ತನಗೆ ಅವಳು ಉಪವಾಸ ಬಿದ್ದದ್ದು ತಾನು ಕೇಳಿದ್ದಕ್ಕೆ. ಅವಳಿಗೆ ಏನು ಬೇಕೆಂದು ಇಬ್ಬರೂ ಕೇಳಿರಲಿಲ್ಲ. ಚಮಚದ ಮೇಲೆ ಚಮಚ ಬಾಯಿಗಿಡುತ್ತ ಅವನು ಬಿಕ್ಕಿದ, ಮೂಗು ಸೋರಿತು, ಕೆನೆ ತುಟಿಯಿಂದ ಗಲ್ಲಕ್ಕೆ ಇಳಿಯಿತು. ಅಮ್ಮ ಗಾಬರಿಯಾಗಿ ಮುಂದೆ ಬಂದು, ಸ್ವೆಟರಿನ ಇನ್ನೊಂದು ತೋಳಿನ ತುದಿಯಿಂದ ಅವನ ತುಟಿ ಒರೆಸಿದಳು, ಗಲ್ಲ ಒರೆಸಿದಳು, ಬಾಗಿಲ ಕಡೆ ಇನ್ನೊಮ್ಮೆ ನೋಡಿ ದನಿ ತಗ್ಗಿಸಿದಳು.

‘ಅಳ್ಬೇಡ ಕಣೋ. ನಾನು ಯಾರಿಗೂ ಹೇಳಲ್ಲ. ಬೆಕ್ಕು ಕುಡೀತು ಅನ್ನೋಣ.’

ಚುಚ್ಚಿಸಿಕೊಳ್ಳಲು ಚಾಚಿದ ಕೈಯನ್ನು ಅವಳು ಇನ್ನೂ ಅವನ ತೊಡೆಯ ಮೇಲಿಂದ ತೆಗೆದಿರಲಿಲ್ಲ.